ಬಾಡಿಗೆ ಉಳಿಸೋಕೆ ಹೋಗಿ ಸ್ಕೂಟರ್ ಕಂತು ಕಟ್ಟಬೇಕಾ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ನಾನು ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಿದ್ದೇನೆ. ತರಗತಿ ಬಿದರೆಕಟ್ಟೆಯ ಹೊಸ ಕ್ಯಾಂಪಸ್ಸಿನಲ್ಲಿ. ತಮ್ಮನಿಗೆ ಬಿ.ಎಚ್. ರಸ್ತೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಇಬ್ಬರೂ ಸೇರಿ ಮನೆ ಮಾಡಬೇಕು. ಎರಡು ಮನೆ ನೋಡಿದ್ದೇವೆ. ಒಂದು ಎಸ್.ಎಸ್. ಪುರಂ ಕಡೆ. ಬಾಡಿಗೆ 8,000, ತಮ್ಮನ ಕಾಲೇಜಿಗೆ ಎರಡು ಕಿಲೋಮೀಟರ್ ಒಳಗೆ. ಇನ್ನೊಂದು ಕ್ಯಾತ್ಸಂದ್ರದ ಆಚೆ, ಹೈವೇ ದಾಟಿ ಹೊಸ ಬಡಾವಣೆಯಲ್ಲಿ. ಬಾಡಿಗೆ 5,500, ಕಾಲೇಜಿಗೆ ಆರು ಕಿಲೋಮೀಟರ್. ಅಪ್ಪ ದೂರದ ಮನೆಯನ್ನೇ ಮಾಡಿ, ಕಂತಿನ ಮೇಲೆ ಸ್ಕೂಟರ್ ಕೊಡಿಸುತ್ತೇನೆ ಅನ್ನುತ್ತಾರೆ. ನನಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಊರಲ್ಲಿ ತುಕ್ಕು ಹಿಡಿದು ನಿಂತಿದೆ. ತುಮಕೂರಿನ ಟ್ರಾಫಿಕ್ಕಿನಲ್ಲಿ ಸೈಕಲ್ ನಡೆಯುತ್ತಾ? ತಿಂಗಳ ಖರ್ಚು ಕೈ ಮೀರದ ಹಾಗೆ ನೋಡಿಕೊಳ್ಳುವುದು ಹೇಗೆ? ಮುಂದೆ ತಮ್ಮ ಬೆಂಗಳೂರಿಗೆ ದಿನಾ ಓಡಾಡಬೇಕಾಗಿ ಬಂದರೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಎಸ್.ಎಸ್. ಪುರಂ ಮನೆ ಮಾಡಿ. ಸ್ಕೂಟರ್ ಬೇಡ. ಊರಲ್ಲಿರುವ ಸೈಕಲ್ ತರಿಸಿ. ಅಪ್ಪನಿಗೆ ಸುಮ್ನೆ ಬೇಡ ಅಂದರೆ ಒಪ್ಪಲಿಕ್ಕಿಲ್ಲ. ಅವರ ಮುಂದೆ ಇಡೋಕೆ ಲೆಕ್ಕ ಬೇಕು, ಅಲ್ವಾ? ಅದನ್ನೇ ಕೊಡುತ್ತೇನೆ.

ನಿಮ್ಮ ಮನೆಯಲ್ಲಿ ಬಾಡಿಗೆಯ ಮಾತು ಬೇರೆ, ಗಾಡಿಯ ಮಾತು ಬೇರೆ ಆಗಿ ನಡೆದಿದೆ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ. 5,500 ಅಂದ ತಕ್ಷಣ ತಿಂಗಳಿಗೆ 2,500 ಉಳಿಯಿತು ಅನ್ನಿಸುತ್ತದೆ. ಆದರೆ ಆ ಮನೆಯಿಂದ ಹೊರಡೋಕೆ ಗಾಡಿ ಬೇಕು ಅಂತಾದರೆ, ಗಾಡಿಯ ಖರ್ಚೂ ಆ ಮನೆಯ ಬಾಡಿಗೆಯಲ್ಲೇ ಸೇರಿದ ಹಾಗೆ.

ಗಾಡಿಯ ಖರ್ಚು ನೋಡೋಣ. ಸಾಧಾರಣ 110 ಸಿಸಿ ಸ್ಕೂಟರ್ ರಸ್ತೆಗೆ ಬರುವ ಹೊತ್ತಿಗೆ ಲಕ್ಷದ ಮೇಲೆ ಹತ್ತು ಸಾವಿರ ಅಂತ ಇಟ್ಟುಕೊಳ್ಳಿ. 20,000 ಕೈಯಿಂದ ಕೊಟ್ಟು 90,000 ಸಾಲ ಮಾಡಿದಿರಿ ಅನ್ನಿ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, 36 ಕಂತು. ಬಾಕಿ ಇಳಿದ ಹಾಗೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ಕಂತು ಸುಮಾರು 2,990 ಬರುತ್ತದೆ. ಮೂರು ವರ್ಷಕ್ಕೆ ಬಡ್ಡಿಯೇ 17,600.

ಇಲ್ಲಿ ಒಂದು ಮೋಸದ ಜಾಗ ಇದೆ. ಷೋರೂಮಿನಲ್ಲಿ ಕೂತ ಫೈನಾನ್ಸ್‌ನವರು "12 ಪರ್ಸೆಂಟ್ ಅಷ್ಟೇ ಸರ್" ಅಂದಾಗ, ಅದು ಫ್ಲಾಟ್ ಬಡ್ಡಿಯಾ ಅಂತ ಅಪ್ಪ ಕೇಳಲೇಬೇಕು. ಫ್ಲಾಟ್ ಅಂದರೆ ಮೂರು ವರ್ಷವೂ ಪೂರ್ತಿ 90,000ಕ್ಕೇ ಬಡ್ಡಿ. ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ ಸಾಲದ ಬಡ್ಡಿಯನ್ನೇ ಕಟ್ಟುತ್ತಿರುತ್ತೀರಿ. ಆಗ ಬಡ್ಡಿ 32,400 ಆಗುತ್ತದೆ, ಕಂತು 3,400 ಆಗುತ್ತದೆ. ಬಾಯಲ್ಲಿ 12 ಅಂದರೂ ನಿಜವಾದ ಬಡ್ಡಿ 21ರ ಮೇಲೆ ಬೀಳುತ್ತದೆ. ಊರಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಅಪ್ಪ ಹತ್ತು ಸಲ ಯೋಚನೆ ಮಾಡುತ್ತಾರೆ. ಇದು ಅದರ ಹತ್ತಿರಕ್ಕೇ ಬಂತು.

ಕಡಿಮೆ ಲೆಕ್ಕವನ್ನೇ ಹಿಡಿಯೋಣ, 2,990. ಕಾಲೇಜಿಗೆ ಹೋಗಿ ಬರೋಕೆ ದಿನಕ್ಕೆ 12 ಕಿಲೋಮೀಟರ್, ತಿಂಗಳಿಗೆ 25 ದಿನ ಅಂದರೆ 300. ಗಾಡಿ ಇದ್ದ ಮೇಲೆ ಸಂಜೆ ಒಂದು ಸುತ್ತು ಟೌನ್‌ಹಾಲ್ ಕಡೆ, ಭಾನುವಾರ ದೇವರಾಯನದುರ್ಗ, ಇವೆಲ್ಲ ಇದ್ದೇ ಇರುತ್ತವೆ. ಬೇಡ ಅನ್ನೋಕೂ ಆಗಲ್ಲ, ಹದಿನೆಂಟು ವರ್ಷದ ಹುಡುಗ. ಅದಕ್ಕೆ ಇನ್ನೊಂದು 100. ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ಒಂಬತ್ತು ಲೀಟರ್ ಹತ್ತಿರ. ಪೆಟ್ರೋಲ್ ನೂರು ದಾಟಿ ಎಷ್ಟೋ ಕಾಲ ಆಯಿತು, ಹಾಗಾಗಿ 900 ರೂಪಾಯಿ. ಇನ್ನು ವಿಮೆ. ಎದುರಿನವರ ನಷ್ಟಕ್ಕೆ ಕಡ್ಡಾಯವಾಗಿ ಮಾಡಿಸಬೇಕಾದ ವಿಮೆಗೆ 2022ರಲ್ಲಿ ಸರ್ಕಾರ ಗೊತ್ತುಮಾಡಿದ ದರ, 75ರಿಂದ 150 ಸಿಸಿ ಗಾಡಿಗೆ ವರ್ಷಕ್ಕೆ 714 ರೂಪಾಯಿ. ಹೊಸ ಗಾಡಿಗಾದರೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, 3,851. ತೆರಿಗೆ ಬೇರೆ. ಇವೆರಡೂ ಆಗಲೇ ಹೇಳಿದ ಲಕ್ಷದ ಹತ್ತು ಸಾವಿರದಲ್ಲೇ ಸೇರಿವೆ ಅನ್ನಿ. ಸರ್ವಿಸ್, ಆಯಿಲ್, ಹೊಗೆ ತಪಾಸಣೆ, ಸ್ವಂತ ಗಾಡಿಯ ವಿಮೆ ಎಲ್ಲ ಸೇರಿಸಿ ತಿಂಗಳಿಗೆ 300 ಅಂದರೆ ಜಾಸ್ತಿ ಹೇಳಿದ ಹಾಗಾಗಲ್ಲ.

ಕೂಡಿಸಿದರೆ 4,200 ಹತ್ತಿರ ಬಂತು. 5,500ಕ್ಕೆ ಇದನ್ನು ಸೇರಿಸಿದರೆ ದೂರದ ಮನೆಯ ನಿಜವಾದ ಬೆಲೆ 9,700. ಹತ್ತಿರದ ಮನೆ 8,000. ಸೈಕಲ್ಲಿನ ಖರ್ಚಿಗೆ ತಿಂಗಳಿಗೆ 150 ಇಟ್ಟರೂ 1,500ರಷ್ಟು ನಿಮ್ಮ ಕೈಯಲ್ಲೇ ಉಳಿಯುತ್ತದೆ. "ಮೂರು ವರ್ಷ ಆದ ಮೇಲೆ ಗಾಡಿ ಮಾರಿದರೆ ದುಡ್ಡು ಬರಲ್ವಾ?" ಅಂತ ಅಪ್ಪ ಕೇಳಬಹುದು. ಕೇಳಬೇಕಾದ ಮಾತೇ. ಬರುತ್ತದೆ. ಆದರೆ ಮೊದಲು ಕೈಯಿಂದ ಕೊಟ್ಟ 20,000ವನ್ನು ನಾನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಅದನ್ನೂ ಇಟ್ಟು ನೋಡಿದರೆ, ಮಾರಿ ಬಂದ ದುಡ್ಡಲ್ಲಿ ನಷ್ಟ ತುಂಬುವುದೇ ಕಷ್ಟ. ಅಷ್ಟೊತ್ತಿಗೆ ಗಾಡಿ ಒಂದು ಸಲ ಬಿದ್ದಿದ್ದರಂತೂ ಮುಗಿಯಿತು.

ಇನ್ನೊಂದು ಮಾತನ್ನು ಯಾರೂ ಎತ್ತಿದ ಹಾಗೆ ಕಾಣಲಿಲ್ಲ. ಆ ಸ್ಕೂಟರಿನಿಂದ ನಿಮಗೇನು ಉಪಯೋಗ? ತಮ್ಮ ಒಂದು ಕಡೆ, ನೀವು ಬಿದರೆಕಟ್ಟೆ ಕಡೆ. ಬೆಳಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಹೊರಡಬೇಕು. ಒಂದು ಗಾಡಿ ಎರಡು ಕಡೆ ಹೋಗಲ್ಲ. ನೀವು ಬಸ್ಸಿನಲ್ಲೇ ಹೋಗುವುದು. ಹಾಗಾದರೆ ಮನೆಯಿಂದ ಬಸ್ ಹತ್ತುವ ಜಾಗ ಎಷ್ಟು ದೂರ ಅನ್ನೋದು ನಿಮ್ಮ ಪಾಲಿಗೆ ಬಾಡಿಗೆಯಷ್ಟೇ ಮುಖ್ಯ. ಎಸ್.ಎಸ್. ಪುರಂನಿಂದ ಬಿ.ಎಚ್. ರಸ್ತೆಗೆ ನಡೆದು ಬರಬಹುದು. ಹೈವೇ ಆಚೆಯ ಹೊಸ ಬಡಾವಣೆಯಿಂದ ಮೊದಲು ಕ್ಯಾತ್ಸಂದ್ರಕ್ಕೆ ಬರಬೇಕು, ಅಲ್ಲಿಂದ ಊರೊಳಗೆ, ಅಲ್ಲಿಂದ ಬಿದರೆಕಟ್ಟೆಗೆ. ವಾಪಸ್ ಬರುವಾಗ ಸಂಜೆ ಕತ್ತಲಲ್ಲಿ ಖಾಲಿ ಸೈಟುಗಳ ಮಧ್ಯೆ ಒಬ್ಬರೇ ನಡೆಯಬೇಕು. ಅಪ್ಪ ಸ್ಕೂಟರ್ ಕೊಡಿಸುತ್ತೇನೆ ಅನ್ನುವುದರ ಹಿಂದೆ ಇರುವ ಭಯವೂ ಇದೇ ಇರಬಹುದು. ಅದಕ್ಕೆ ಒಳ್ಳೆಯ ಪರಿಹಾರ ಹತ್ತಿರದ ಮನೆ.

ಎಸ್.ಎಸ್. ಪುರಂ ಕಡೆ ಬಾಡಿಗೆ ಯಾಕೆ ಜಾಸ್ತಿ ಅನ್ನೋದಕ್ಕೂ ಕಾರಣ ಇದೆ. ವಿಶ್ವವಿದ್ಯಾಲಯ 2004ರಲ್ಲಿ ಶುರುವಾದದ್ದು ಬಿ.ಎಚ್. ರಸ್ತೆಯಲ್ಲೇ. ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಕಾಲೇಜು, ಆಸ್ಪತ್ರೆ, ಬಸ್ ಎಲ್ಲ ಅದೇ ಗೆರೆಯ ಮೇಲೆ. ಹೊರಗಿನಿಂದ ಓದೋಕೆ ಬಂದವರೆಲ್ಲ ಅಲ್ಲೇ ಮನೆ ಕೇಳುತ್ತಾರೆ. ಆದರೂ ಮುಖ್ಯ ರಸ್ತೆಯಿಂದ ಮೂರ್ನಾಲ್ಕು ಅಡ್ಡರಸ್ತೆ ಒಳಗೆ ಹೋದರೆ, ಬಟವಾಡಿ ಕಡೆಯೋ ಉಪ್ಪಾರಹಳ್ಳಿ ಕಡೆಯೋ ನೋಡಿದರೆ, ಮಧ್ಯದ ಬಾಡಿಗೆಗೆ ಮನೆ ಸಿಗುವುದುಂಟು. ಅಡ್ವಾನ್ಸ್ ಕೊಡುವ ಮೊದಲು ಒಂದು ಭಾನುವಾರ ಸುಮ್ನೆ ನಡೆದು ನೋಡಿ. ಗೇಟಿಗೆ ನೇತು ಹಾಕಿರುವ 'ಮನೆ ಬಾಡಿಗೆಗೆ ಇದೆ' ಬೋರ್ಡು ಮೊಬೈಲಿನಲ್ಲಿ ಕಾಣುವುದಿಲ್ಲ. ಬ್ರೋಕರ್ ದುಡ್ಡೂ ಉಳಿಯುತ್ತದೆ.

ಮನೆ ಮಾಡುವ ಮೊದಲು ಹಾಸ್ಟೆಲ್ ಅರ್ಜಿ ಹಾಕಿದ್ದೀರಾ? ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ತುಮಕೂರಿನಲ್ಲಿವೆ. ನಿಮ್ಮ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೊಂದಿದರೆ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದೆ ಹೋದರೆ ವಿದ್ಯಾಸಿರಿ ಇದೆ. ಊಟ-ವಸತಿಗೆ ಅಂತ ವರ್ಷಕ್ಕೆ ಹತ್ತು ತಿಂಗಳು ಸರ್ಕಾರ ದುಡ್ಡು ಕೊಡುತ್ತದೆ.  ಆದರೆ ಅದು ಪ್ರತಿ ತಿಂಗಳು ಸಮಯಕ್ಕೆ ಸರಿಯಾಗಿ ಬರುತ್ತದೆ ಅಂತ ನಂಬಿಕೊಂಡು ಬಾಡಿಗೆ ಒಪ್ಪಬೇಡಿ. ಬಂದಾಗ ಬಂತು ಅನ್ನುವ ಹಾಗಿರಲಿ.

ಈಗ ಸೈಕಲ್. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗಬಹುದು.

ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವುದು ನಮ್ಮ ಜಿಲ್ಲೆಯಲ್ಲಿ ಮಾಮೂಲಿ ನೋಟ ಆಯಿತು. ಆಮೇಲೆ ಅದೇ ಹುಡುಗಿಯರು ಡಿಗ್ರಿಗೆ ಊರು ಬಿಟ್ಟು ಬಂದಾಗ ಸೈಕಲ್ ಮನೆಯ ಹಿಂದೆ ನಿಲ್ಲುತ್ತದೆ. ನಿಮ್ಮದೂ ಹಾಗೇ ನಿಂತಿದೆ. ಬಿಸಾಡುವಂಥದ್ದು ಏನೂ ಆಗಿರುವುದಿಲ್ಲ. ಸ್ಟೀಲ್ ಫ್ರೇಮಿಗೆ ಮೇಲೆ ಮೇಲೆ ತುಕ್ಕು ಹಿಡಿದರೆ ಅದು ಮುದಿಯಾಗಲ್ಲ. ಬೆಸುಗೆ ಹಾಕಿದ ಜಾಗದಲ್ಲಿ ಬಿರುಕು ಇಲ್ಲ, ಫೋರ್ಕ್ ಬಗ್ಗಿಲ್ಲ, ರಿಮ್ಮಿನಲ್ಲಿ ತೂತಾಗುವಷ್ಟು ತುಕ್ಕಿಲ್ಲ ಅಂದರೆ ಆ ಸೈಕಲ್ ಇನ್ನೂ ಹತ್ತು ವರ್ಷ ಓಡುತ್ತದೆ.

ಟೈರು, ಟ್ಯೂಬು ಮಾತ್ರ ಹೊಸದು ಹಾಕಿಸಿ. ಓಡದೆ ನಿಂತರೂ ರಬ್ಬರ್ ಒಣಗಿ ಸೀಳುತ್ತದೆ. ಗಾಳಿ ತುಂಬಿದರೆ ನಿಲ್ಲುತ್ತೆ ಅಂತ ಅಂಗಡಿಯವನು ಹೇಳಬಹುದು, ಕೇಳಬೇಡಿ. ಬ್ರೇಕ್ ರಬ್ಬರ್ ನಾಲ್ಕೂ ಬದಲಾಯಿಸಿ. ಚೈನು ತುಕ್ಕು ಹಿಡಿದು ಗಟ್ಟಿಯಾಗಿದ್ದರೆ ಚೈನು ಮತ್ತು ಹಿಂದಿನ ಚಕ್ರದ ಹಲ್ಲುಗಾಲಿ, ಅಂದರೆ ಫ್ರೀವೀಲ್, ಎರಡನ್ನೂ ಒಟ್ಟಿಗೆ ಹಾಕಿಸಿ. ಹಳೇ ಹಲ್ಲಿನ ಮೇಲೆ ಹೊಸ ಚೈನು ಜಾರುತ್ತದೆ. ಜೋರಾಗಿ ತುಳಿದಾಗ ಜಾರಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಎರಡೂ ಚಕ್ರ ಬಿಚ್ಚಿಸಿ, ಬೇರಿಂಗ್ ಗುಂಡು ತೊಳೆದು, ಗ್ರೀಸ್ ಹಾಕಿಸಿ. ಕಡ್ಡಿ ಬಿಗಿ ಮಾಡಿ ಚಕ್ರದ ಬೆಂಡ್ ತೆಗೆಯೋಕೆ ಹೇಳಿ. ಇದೆಲ್ಲ ಸೇರಿ ಎರಡು, ಎರಡೂವರೆ ಸಾವಿರದ ಒಳಗೆ ಮುಗಿಯಬೇಕು. ಈ ಕೆಲಸ ಪಾವಗಡದಲ್ಲೇ ಮಾಡಿಸಿ ಆಮೇಲೆ ಬಸ್ಸಿನ ಮೇಲೆ ಹಾಕಿ ತನ್ನಿ. ಲಗೇಜಿಗೆ ಟಿಕೆಟ್ ಬೀಳುತ್ತದೆ. ಬಸ್ಸಿಗೆ ಹಾಕುವ ಮೊದಲು ಪೆಡಲ್ ಬಿಚ್ಚಿಸಿದರೆ ಬೇರೆಯವರ ಚೀಲ ಹರಿಯಲ್ಲ. ಒಂದು ವಿಷಯ ನೆನಪಿರಲಿ, ಎಡಗಡೆ ಪೆಡಲ್ ಬಿಚ್ಚುವ ದಿಕ್ಕು ಉಲ್ಟಾ. ಅದನ್ನು ಮರೆತು ಎಷ್ಟೋ ಜನ ತಿರುಪಿನ ಥ್ರೆಡ್ ಹಾಳು ಮಾಡಿದ್ದಾರೆ.

ಲೇಡಿಸ್ ಸೈಕಲ್ ಅಂತ ತಮ್ಮ ಮೂತಿ ತಿರುಗಿಸಬಹುದು. ಒಂದು ತಿಂಗಳು ಅದರಲ್ಲೇ ಹೋಗು ಅನ್ನಿ. ಸೀಟು ಮಾತ್ರ ಎತ್ತಿಸಬೇಕು. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅದೇ ಅಳತೆ. ನಮ್ಮಲ್ಲಿ ಮುಕ್ಕಾಲು ಜನ ಸೀಟು ತೀರಾ ಕೆಳಗಿಟ್ಟುಕೊಂಡು ತುಳಿಯುತ್ತಾರೆ. ಆಮೇಲೆ ಮಂಡಿ ನೋವು ಅಂತ ಸೈಕಲ್ ಬಿಡುತ್ತಾರೆ. ತಿಂಗಳು ಆದ ಮೇಲೂ ಅವನು ತುಳಿಯುತ್ತಿದ್ದರೆ, ಆಗ ಅವನಿಗೊಂದು ಕೊಂಡರಾಯಿತು. ಇದು ನಿಮಗೆ ಉಳಿಯುತ್ತದೆ. ಬಿಟ್ಟಿದ್ದರೆ, ಹತ್ತು ಸಾವಿರ ಉಳಿಯಿತು ಅಂದುಕೊಳ್ಳಿ. ಎರಡು ಕಿಲೋಮೀಟರ್ ನಡೆದುಕೊಂಡೇ ಹೋಗಲಿ.

ಕೊಳ್ಳುವಾಗ ಅವನ ಕಣ್ಣು ಹೋಗುವುದು ದಪ್ಪ ಟೈರಿನ, ಮುಂದೆ ಹಿಂದೆ ಸ್ಪ್ರಿಂಗ್ ಇರುವ, 21 ಗೇರಿನ, ಡಿಸ್ಕ್ ಬ್ರೇಕಿನ ಸೈಕಲ್ಲಿನ ಮೇಲೆ. ಹತ್ತು ಸಾವಿರದ ಒಳಗೆ ಇದೆಲ್ಲ ಕೊಡುತ್ತೇವೆ ಅಂದರೆ ಯಾವುದೂ ಸರಿಯಾಗಿರುವುದಿಲ್ಲ. ತೂಕ ಜಾಸ್ತಿ. ಸ್ಪ್ರಿಂಗ್ ನೀವು ತುಳಿದ ಬಲವನ್ನೇ ನುಂಗುತ್ತದೆ. ಗೇರು ಆರು ತಿಂಗಳಿಗೆ ಕಟಕಟ ಅನ್ನುತ್ತದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲದ್ದನ್ನು ಕೊಟ್ಟು, ಅದನ್ನೆಲ್ಲ ಬೇರೆ ದುಡ್ಡಿಗೆ ಹಾಕಿಕೊಡುತ್ತಾರೆ. ತುಮಕೂರು ಸಾಕಷ್ಟು ಸಮತಟ್ಟಾದ ಊರು. ದೇವರಾಯನದುರ್ಗದ ಘಾಟಿ ಹತ್ತುವ ಆಸೆ ಇದ್ದರೆ ಗೇರು ಬೇಕು. ಕಾಲೇಜಿಗೆ ಬೇಡ. ಒಂದೇ ಗೇರಿನ, ಸ್ಟೀಲ್ ಫ್ರೇಮಿನ, ಕ್ಯಾರಿಯರ್ ಇರುವ ಸಾದಾ ಸೈಕಲ್ ಆರೇಳು ಸಾವಿರದಿಂದ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ 5 ಅಂತ ಇದೆಯಾ ನೋಡಿ. ಫ್ರೇಮ್ ನಂಬರನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಕಳುವಾದರೆ ಪೊಲೀಸ್ ಠಾಣೆಯಲ್ಲಿ ಅದೇ ಸಾಕ್ಷಿ.

ಸಾದಾ ಸೈಕಲ್ ಭಾರ ಅನ್ನಿಸಿದರೆ ಒಂದು ಅಗ್ಗದ ಉಪಾಯ ಇದೆ. ಮಾಮೂಲಿಯಾಗಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುತ್ತದೆ. ಹಿಂದಿನದನ್ನು 20 ಹಲ್ಲಿನ ಫ್ರೀವೀಲಿಗೆ ಬದಲಾಯಿಸಿದರೆ ತುಳಿತ ಹತ್ತರಲ್ಲಿ ಒಂದು ಪಾಲು ಹಗುರ ಆಗುತ್ತದೆ. ವೇಗ ಅಷ್ಟೇ ಕಡಿಮೆ ಆಗುತ್ತದೆ, ಊರೊಳಗೆ ಅದು ಗೊತ್ತೂ ಆಗಲ್ಲ. ಆಷಾಢದಲ್ಲಿ ಇದರ ಬೆಲೆ ತಿಳಿಯುತ್ತದೆ. ಆಗ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಕ್ಯಾತ್ಸಂದ್ರದ ಕಡೆಯಿಂದ ಊರೊಳಗೆ ಬರುವವರಿಗೆ ಅದು ಎದುರು ಗಾಳಿ. ಆ ದೂರದ ಮನೆ ಮಾಡಿದ್ದರೆ ನಿಮ್ಮ ತಮ್ಮ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ ಆರು ಕಿಲೋಮೀಟರೂ ಗಾಳಿಗೆ ಎದೆ ಕೊಟ್ಟು ತುಳಿಯಬೇಕಿತ್ತು.

ಟ್ರಾಫಿಕ್ಕಿನ ಪ್ರಶ್ನೆ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ರಸ್ತೆ ಅಗೆದರು, ಫುಟ್‌ಪಾತ್ ಹಾಕಿದರು. ಆದರೂ ಸೈಕಲ್‌ಗೆ ಅಂತಲೇ ದಾರಿ ಇರುತ್ತೆ ಅಂದುಕೊಂಡು ಬರಬೇಡಿ. ಮೈಸೂರಿನಲ್ಲಿ 2017ರಿಂದ ಬಾಡಿಗೆ ಸೈಕಲ್ ವ್ಯವಸ್ಥೆ ಬಂತಲ್ಲ, ಅಂಥದ್ದಕ್ಕೂ ಕಾಯಬೇಡಿ. ಇರುವ ರಸ್ತೆಯಲ್ಲೇ ಬುದ್ಧಿ ಉಪಯೋಗಿಸಿ ಹೋಗಬೇಕು.

ಬಿ.ಎಚ್. ರಸ್ತೆಯಲ್ಲಿ ಅಪಾಯ ಇರುವುದು ವೇಗದಿಂದ ಅಲ್ಲ, ಗೊತ್ತಿಲ್ಲದ ಹಾಗೆ ನಿಲ್ಲುವ ಗಾಡಿಗಳಿಂದ. ಆಟೋ ಕೈ ತೋರಿಸಿದವರ ಮುಂದೆ ಗಕ್ಕನೆ ನಿಲ್ಲುತ್ತದೆ. ಬಸ್ ನಿಲ್ದಾಣಕ್ಕಿಂತ ಹತ್ತು ಮಾರು ಆಚೆ ನಿಲ್ಲುತ್ತದೆ. ನಿಂತ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ. ಹಾಗಾಗಿ ನಿಂತ ಗಾಡಿಗಳಿಂದ ಒಂದು ಮೀಟರ್ ಬಿಟ್ಟು ಹೋಗಬೇಕು. ಅಂಚಿಗೆ ಅಂಟಿಕೊಂಡು ಮರಳಿನಲ್ಲಿ ಹೋಗುವುದೇ ಸುರಕ್ಷಿತ ಅನ್ನುವುದು ತಪ್ಪು. ಅಲ್ಲಿ ಚಕ್ರ ಜಾರುತ್ತದೆ, ಹಿಂದಿನವರಿಗೆ ನೀವು ಕಾಣುವುದೂ ಇಲ್ಲ. ಭದ್ರಮ್ಮ ವೃತ್ತ, ಟೌನ್‌ಹಾಲ್ ವೃತ್ತದಂಥ ಜಾಗದಲ್ಲಿ ಬಲಕ್ಕೆ ತಿರುಗಬೇಕಿದ್ದರೆ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜತೆ ದಾಟಿ. ಅದರಲ್ಲಿ ಅವಮಾನ ಏನೂ ಇಲ್ಲ. ಸ್ವಲ್ಪವೇ ದೂರ ಅಂತ ಎದುರು ದಿಕ್ಕಿನಲ್ಲಿ ಮಾತ್ರ ಬರಬೇಡಿ. ತಮ್ಮ ಆದಷ್ಟೂ ಬಡಾವಣೆಯ ಒಳ ರಸ್ತೆಗಳಲ್ಲೇ ಹೋಗಲಿ. ಐದು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ.

ಹೈವೇ ಬೇರೆಯೇ ಮಾತು. ರಾಷ್ಟ್ರೀಯ ಹೆದ್ದಾರಿ 48 ಅಂದರೆ ಬೆಂಗಳೂರು-ಪುಣೆ ಲಾರಿಗಳ ದಾರಿ. ಅದನ್ನು ದಿನಾ ಎರಡು ಸಲ ಸೈಕಲ್ಲಿನಲ್ಲಿ ದಾಟುವ ಮನೆ ನಾನು ಯಾರಿಗೂ ಹೇಳಲಾರೆ. ಸ್ಕೂಟರಿನಲ್ಲೂ ಅದೇ ಜಾಗ ದಾಟಬೇಕಲ್ಲ, ಅದನ್ನೂ ಅಪ್ಪನಿಗೆ ಹೇಳಿ.

ಕತ್ತಲಾದ ಮೇಲೆ ಹಿಂದೆ ಕೆಂಪು ಲೈಟು ಇರಲೇಬೇಕು. ಚಾರ್ಜ್ ಮಾಡುವ ಸಣ್ಣ ಲೈಟು ಸಾಕು. ಬೀಗ ಹಿಂದಿನ ಚಕ್ರ, ಫ್ರೇಮ್ ಎರಡನ್ನೂ ಸೇರಿಸಿ ಕಂಬಕ್ಕೆ ಹಾಕುವ ಹಾಗಿರಲಿ. ಪಂಚರ್ ಹಾಕುವುದನ್ನು ಇಬ್ಬರೂ ಕಲಿಯಿರಿ. ಹೊಸ ಬಡಾವಣೆಗಳ ಖಾಲಿ ಸೈಟಿನಲ್ಲೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ಹೇಗೆ ಅಂತ ಪಾವಗಡದವರಿಗೆ ನಾನು ಹೇಳಬೇಕಾಗಿಲ್ಲ. ಮಳೆ ನಮ್ಮಲ್ಲಿ ಜಾಸ್ತಿ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದೂ ಸಾಮಾನ್ಯವಾಗಿ ಸಂಜೆ. ಬೆಳಗ್ಗೆ ಕಾಲೇಜಿಗೆ ಒದ್ದೆಯಾಗಿ ಹೋಗುವ ದಿನ ಕಡಿಮೆ. ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಇಳಿಯಬೇಡಿ, ಕೆಳಗೆ ಗುಂಡಿ ಎಲ್ಲಿದೆ ಅಂತ ಕಾಣಲ್ಲ.

ನಿಮ್ಮ ಬಸ್ಸಿನ ವಿಷಯ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಕೆಎಸ್‌ಆರ್‌ಟಿಸಿಯ ನಗರ ಸಾರಿಗೆಯಲ್ಲೂ ನಿಮ್ಮೂರಿನ ಸಾಮಾನ್ಯ ಬಸ್ಸಿನಲ್ಲೂ ನಿಮಗೆ ಖರ್ಚಿಲ್ಲ. ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ಖಾಸಗಿ ಬಸ್ಸಿನಲ್ಲಂತೂ ನಡೆಯಲ್ಲ, ನಿಮ್ಮ ದಾರಿಯಲ್ಲಿ ಅವೂ ಬೇಕಾದಷ್ಟಿವೆ. ಹಾಗಾಗಿ ಊರಿಗೆ ಹೋಗಿ ಅಕ್ಕಿ, ರಾಗಿ ಹಿಟ್ಟು, ಬೇಳೆ, ಕಡ್ಲೆಕಾಯಿ ತರುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ತಮ್ಮ ಸುಮ್ನೆ ಮನೆಯಲ್ಲಿ ಕೂರಬಾರದು. ನೀರು, ತರಕಾರಿ ಅವನ ಪಾಲು ಅಂತ ಮೊದಲ ದಿನವೇ ಹೇಳಿಬಿಡಿ. ತುಮಕೂರು-ರಾಯದುರ್ಗ ರೈಲು ಮಾರ್ಗ ಮಧುಗಿರಿ, ಪಾವಗಡದ ಮೇಲೆ ಹೋಗುವಂಥದ್ದು. ಅದು ಬಂದರೆ ಅವನ ಟಿಕೆಟ್ಟೂ ಅಗ್ಗ ಆಗುತ್ತದೆ. ಅಲ್ಲಿಯವರೆಗೆ ಅವನು ಹಬ್ಬಕ್ಕೆ ಊರಿಗೆ ಬಂದರೆ ಸಾಕು.

ಮನೆ ಖರ್ಚಿನಲ್ಲಿ ಜನ ಬಾಡಿಗೆ ಬಗ್ಗೆ ಚೌಕಾಸಿ ಮಾಡಿ, ಕರೆಂಟು-ನೀರಿನ ಬಗ್ಗೆ ಕೇಳುವುದನ್ನೇ ಮರೆಯುತ್ತಾರೆ. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. ಆ ಮನೆಯಲ್ಲಿ ಹಿಂದೆ ಸರಾಸರಿ ಎಷ್ಟು ಉರಿಸಿದ್ದರೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಗೊತ್ತುಮಾಡುತ್ತಾರೆ. ಹೊಸ ಬಡಾವಣೆಯ ಹೊಸ ಮನೆಗೆ ಹಿಂದಿನ ಲೆಕ್ಕವೇ ಇರಲ್ಲ, ರಾಜ್ಯದ ಸರಾಸರಿ ಹಿಡಿಯುತ್ತಾರೆ, ಅದು ಕಡಿಮೆ. ಇಂಡಕ್ಷನ್ ಒಲೆ ಇಟ್ಟುಕೊಂಡರೆ ಮಿತಿ ದಾಟುತ್ತದೆ. ಆದ್ದರಿಂದ ಮನೆಗೆ ಬೇರೆ ಮೀಟರ್ ಇದೆಯಾ, ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಕೊಡುತ್ತಾರಾ, ಹಿಂದಿನ ಬಾಡಿಗೆದಾರರ ಆಧಾರ್ ಆ ನಂಬರಿನಿಂದ ತೆಗೆಸಿದ್ದಾರಾ, ಇಷ್ಟನ್ನೂ ಕೇಳಿ. ಒಂದೇ ಮೀಟರಿನಲ್ಲಿ ಮೂರು ಮನೆ ಓಡಿಸಿ, ಬಿಲ್ ಸೊನ್ನೆ ಬಂದರೂ ಬಾಡಿಗೆದಾರರಿಂದ ಕರೆಂಟಿಗೆ ಅಂತ ದುಡ್ಡು ವಸೂಲಿ ಮಾಡುವವರು ಇದ್ದಾರೆ. ಹಳೇ ಬಿಲ್ ತೋರಿಸಿ ಅಂದರೆ ಗೊತ್ತಾಗುತ್ತದೆ.

ನೀರೂ ಹಾಗೇ. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ಅಲ್ಲಿಂದ ಬರುತ್ತದೆ. ಹಳೇ ಬಡಾವಣೆಗಳಿಗೆ ಆ ನೀರಿನ ನಲ್ಲಿ ಇರುತ್ತದೆ. ಹೊರಗಿನ ಹೊಸ ಬಡಾವಣೆಗಳು ಬೋರ್‌ವೆಲ್ ನಂಬಿಕೊಂಡಿರುತ್ತವೆ. ಬೇಸಿಗೆಯಲ್ಲಿ ಬೋರ್ ನಿಂತರೆ ಟ್ಯಾಂಕರ್ ಖರ್ಚು ಯಾರದ್ದು ಅಂತ ಕರಾರಿನಲ್ಲೇ ಬರೆಸಿ. ಕುಡಿಯೋಕೆ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನು ಐದೋ ಹತ್ತೋ ರೂಪಾಯಿಗೆ ತುಂಬುತ್ತದೆ. ಅಂಗಡಿಯವರು ಮನೆಗೆ ತಂದುಕೊಟ್ಟರೆ ಅದರ ಮೂರು-ನಾಲ್ಕು ಪಟ್ಟು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕ್ಯಾನು ಇಟ್ಟು ಹಳೇ ಟ್ಯೂಬಿನಿಂದ ಬಿಗಿದರೆ ಅಲ್ಲಾಡಲ್ಲ. 20 ಕೆಜಿ ಹಿಂದೆ ಇದ್ದಾಗ ಮುಂದಿನ ಬ್ರೇಕ್ ಒಂದನ್ನೇ ಹಿಡಿಯಬೇಡಿ, ಎರಡನ್ನೂ ಒಟ್ಟಿಗೆ ಹಿಡಿಯಿರಿ.

ಗ್ಯಾಸಿಗೆ ಮನೆ ವಿಳಾಸದ ದಾಖಲೆ ಇಲ್ಲದಿದ್ದರೆ 5 ಕೆಜಿಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲೇ ಸಿಗುತ್ತದೆ. ಕೆಜಿ ಲೆಕ್ಕಕ್ಕೆ 14.2 ಕೆಜಿಯ ಮನೆ ಸಿಲಿಂಡರಿಗಿಂತ ದುಬಾರಿ. ಹಾಗಂತ ಬೀದಿಯಲ್ಲಿ ಕಳ್ಳತನದಿಂದ ತುಂಬಿಸಿಕೊಡುವವರ ಹತ್ತಿರ ಹೋಗಬೇಡಿ. ಪರೀಕ್ಷೆ ದಿನಗಳಲ್ಲಿ ಅಡಿಗೆಗೆ ಪುರುಸೊತ್ತಿಲ್ಲದಿದ್ದರೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ ಐದು ರೂಪಾಯಿ, ಊಟ ಹತ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂಗಳಿಗೊಂದು ಸಲ ಇಟ್ಟುಕೊಳ್ಳಿ. ಅಷ್ಟೂ ಇಲ್ಲದಿದ್ದರೆ ತುಮಕೂರಿಗೆ ಬಂದು ಏನು ಪ್ರಯೋಜನ?

ಒಂದು ವೇಳೆ ಅಪ್ಪ ಗಾಡಿ ಬೇಕೇ ಬೇಕು ಅಂದರೆ, ಸಾಲ ಮಾಡದೆ ಒಂದು ವರ್ಷ ಬಿಟ್ಟು ಹಳೇ ಗಾಡಿ ಕೊಳ್ಳಲಿ. ಕೊಂಡ ತಕ್ಷಣ ಆರ್‌ಸಿ ಹೆಸರು ಬದಲಾಯಿಸಿಕೊಳ್ಳಬೇಕು, ವಿಮೆಯನ್ನೂ. ಅಷ್ಟು ಹೊತ್ತಿಗೆ ನಿಮ್ಮಿಬ್ಬರಿಗೂ ಊರು ಗೊತ್ತಾಗಿರುತ್ತದೆ. ಗಾಡಿ ನಿಜವಾಗಿ ಬೇಕಾ ಅನ್ನೋದೂ ಗೊತ್ತಾಗಿರುತ್ತದೆ.

ಕೊನೆಯ ಪ್ರಶ್ನೆ ಬೆಂಗಳೂರಿನದ್ದು. ತಮ್ಮ ಇಂಟರ್ನ್‌ಶಿಪ್‌ಗೆ ಅಂತ ಓಡಾಡಬೇಕಾದರೆ ರೈಲೇ ಅಗ್ಗ. ದೂರ 70 ಕಿಲೋಮೀಟರ್. ತಿಂಗಳ ಸೀಸನ್ ಟಿಕೆಟ್ ತೆಗೆದುಕೊಂಡರೆ ಬಸ್ಸಿನ ಕೆಲವೇ ದಿನದ ದುಡ್ಡಿನಲ್ಲಿ ತಿಂಗಳು ಕಳೆಯುತ್ತದೆ. ಮನೆಯಿಂದ ಓದುವ ಜಾಗಕ್ಕೆ ಓಡಾಡುವ ವಿದ್ಯಾರ್ಥಿಗಳಿಗೆ ಸೀಸನ್‌ನಲ್ಲಿ ಅರ್ಧ ರಿಯಾಯಿತಿ ಇದೆ. ಇಂಟರ್ನ್‌ಶಿಪ್‌ಗೆ ಅದು ಅನ್ವಯಿಸುತ್ತದಾ ಅಂತ ನಿಲ್ದಾಣದ ಕೌಂಟರಿನಲ್ಲಿ ಕಾಲೇಜಿನ ಪತ್ರ ತೋರಿಸಿ ಕೇಳಲಿ. ಬಸ್ಸಿನಲ್ಲಿ ಹೋದರೆ ಮೆಜೆಸ್ಟಿಕ್‌ವರೆಗೆ ಕೂರಬೇಕಿಲ್ಲ. 2024ರ ನವೆಂಬರ್ 7ರಿಂದ ಹಸಿರು ಮಾರ್ಗದ ಮೆಟ್ರೊ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಅಲ್ಲೇ ಇಳಿದು ಮೆಟ್ರೊ ಹತ್ತಿದರೆ ಯಶವಂತಪುರದ ಜಾಮ್ ತಪ್ಪುತ್ತದೆ. ಆದರೆ ಬಸ್ಸಿನ ಟಿಕೆಟ್ಟು, ಮೆಟ್ರೊ ಟಿಕೆಟ್ಟು ಎರಡೂ ಸೇರಿದರೆ ದಿನಾ ಓಡಾಡುವವರಿಗೆ ಭಾರ. ರೈಲು ತಪ್ಪಿದ ದಿನಕ್ಕೆ ಈ ದಾರಿ ಇರಲಿ. ಬೆಳಗ್ಗೆ ಮನೆಯಿಂದ ತುಮಕೂರು ಸ್ಟೇಷನ್‌ಗೆ ಸೈಕಲ್ಲಿನಲ್ಲೇ ಹೋಗಿ ಸ್ಟ್ಯಾಂಡಿನಲ್ಲಿ ಬಿಡಬಹುದು. ರಾತ್ರಿ ಬರುವುದು ತಡ ಆಗುತ್ತೆ ಅನ್ನಿಸಿದರೆ, ಸ್ಟ್ಯಾಂಡ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅಂತ ಮೊದಲೇ ಕೇಳಿಕೊಳ್ಳಲಿ.